ಅಯೋಡಿನ್ ಯಾಕೆ ಗಟ್ಟಿ, ನೀರು ಯಾಕೆ ಹರಿಯುತ್ತೆ? ಅಣುಗಳ ಸೆಳೆತ ಹೋಲಿಸಲು ನಾನು ಕಲಿತ ಬಗೆ

ಆ ದಿನ ಬೋರ್ಡಿನ ಮೇಲೆ ನಾನು ಬರೆದದ್ದು ಹದಿನಾಲ್ಕು ವರ್ಷದಿಂದ ಬರೆಯುತ್ತಾ ಬಂದದ್ದನ್ನೇ. ಅಣುಗಳು ಒಂದನ್ನೊಂದು ಸೆಳೆಯುವ ಮೂರು ಬಗೆ: ಮೇಲೆ ಹೈಡ್ರೋಜನ್ ಬಂಧ, ಅದರ ಕೆಳಗೆ ದ್ವಿಧ್ರುವ ಸೆಳೆತ, ತೀರಾ ಕೆಳಗೆ ಲಂಡನ್ ಬಲ. ಪಕ್ಕದಲ್ಲೊಂದು ಬಾಣ: ಮೇಲೆ ಹೋದಷ್ಟೂ ಪ್ರಬಲ, ಕೆಳಗೆ ಇಳಿದಷ್ಟೂ ದುರ್ಬಲ. ದಾವಣಗೆರೆಯ ಪಿಯು ಕಾಲೇಜೊಂದರ ಮೊದಲ ವರ್ಷದ ತರಗತಿ. ಮಕ್ಕಳೆಲ್ಲ ತಲೆ ಬಗ್ಗಿಸಿ ಆ ಏಣಿಯನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಿದ್ದರು. ಜಗಳೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಬರೆಯುವುದನ್ನು ನಿಲ್ಲಿಸಿ ಕೈ ಎತ್ತಿದಳು.

“ಸರ್, ಅಯೋಡಿನ್‌ಗೆ ಲಂಡನ್ ಬಲ ಒಂದೇ ಅಲ್ವಾ?”

“ಹೌದಮ್ಮ.”

“ನೀರಿಗೆ ಹೈಡ್ರೋಜನ್ ಬಂಧ ಐತೆ.”

“ಹೌದು.”

“ಮತ್ತೆ ಅಯೋಡಿನ್ ಯಾಕೆ ಗಟ್ಟಿ ಐತೆ ಸರ್, ನೀರು ಯಾಕೆ ಹರೀತೈತೆ? ದುರ್ಬಲ ಇರೋದು ತಾನೆ ಹರೀಬೇಕು?”

“ಅದೊಂದು ಅಪವಾದ” ಅಂದುಬಿಟ್ಟೆ. ಗಂಟೆ ಹೊಡೆಯಿತು, ಅವಳು ಕೂತಳು. ಸ್ಟಾಫ್ ರೂಮಿಗೆ ಹೋಗಿ ಕೂತರೂ ಆ ಮಾತು ನನ್ನನ್ನು ಬಿಡಲಿಲ್ಲ. ಮೇಣದ ಬತ್ತಿಯ ಮೇಣಕ್ಕೂ ಲಂಡನ್ ಬಲವೇ, ಅದೂ ಗಟ್ಟಿ. ಬೀರುವಿನಲ್ಲಿಡುವ ನ್ಯಾಫ್ತಲೀನ್ ಗುಳಿಗೆ ಗಟ್ಟಿ. ಗಂಧಕ ಗಟ್ಟಿ. ಇಷ್ಟು ಅಪವಾದಗಳನ್ನು ಹೊತ್ತ ನಿಯಮವನ್ನು ನಾನು ವರ್ಷವರ್ಷವೂ ಮಕ್ಕಳ ತಲೆಗೆ ತುಂಬುತ್ತಿದ್ದೆ. ಆ ಹುಡುಗಿಗೆ ಸರಿಯಾದ ಉತ್ತರ ಕೊಡಲು ಹೊರಟವನಿಗೆ ಈ ಪಾಠವನ್ನೇ ಬೇರು ಸಮೇತ ಕಿತ್ತು ಮತ್ತೆ ನೆಡಬೇಕಾಯಿತು. ಹೇಗೆ ನೆಟ್ಟೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ರಸಾಯನಶಾಸ್ತ್ರ ಕಲಿಸುವ ಗೆಳೆಯರಿಗೂ, ಸಿಇಟಿ, ನೀಟ್ ಎಂದು ಓದುವ ಮಕ್ಕಳಿಗೂ ಉಪಯೋಗವಾದೀತು.

ಮೊದಲು ಸರಿಪಡಿಸಿದ್ದು ಏಣಿಗಿಂತಲೂ ಹಿಂದಿನ ಒಂದು ತೊಡಕನ್ನು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಪಿಯುಸಿಗೆ ಬಂದ ಕೂಡಲೇ ಇಂಟರ್‌ಮಾಲಿಕ್ಯುಲರ್, ಇಂಟ್ರಾಮಾಲಿಕ್ಯುಲರ್ ಎಂಬ ಎರಡು ಪದಗಳ ನಡುವೆ ಸಿಕ್ಕಿಬೀಳುತ್ತಾರೆ. ಕಿವಿಗೆ ಎರಡೂ ಒಂದೇ. ಒಮ್ಮೆ ಕಿರುಪರೀಕ್ಷೆಯಲ್ಲಿ “ನೀರು ಕುದಿಯುವಾಗ ಏನಾಗುತ್ತದೆ?” ಎಂದು ಕೇಳಿದ್ದೆ. ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತದೆ ಎಂದು ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರೆದಿದ್ದರು. ಅಮ್ಮ ಚಹಾಕ್ಕೆ ನೀರು ಕುದಿಸುವಾಗ ಒಲೆಯ ಮೇಲೆ ಹೈಡ್ರೋಜನ್ ಹುಟ್ಟಿದ್ದರೆ ಮನೆಯ ಗತಿ ಏನಾಗುತ್ತಿತ್ತು ಎಂದು ಕೇಳಿದಾಗಲೇ ಅವರಿಗೆ ಹೊಳೆದದ್ದು.

ಆಗಿನಿಂದ ನಾನು ಕನ್ನಡದಲ್ಲೇ ಎರಡು ಮಾತು ಹೇಳುತ್ತೇನೆ: ‘ಅಣುವಿನೊಳಗಿನ ಬಂಧ’, ‘ಅಣು–ಅಣುಗಳ ನಡುವಿನ ಸೆಳೆತ’. ಒಳಗಿನದು, ನಡುವಿನದು. ನೀರಿನ ಅಣುವಿನೊಳಗೆ ಆಕ್ಸಿಜನ್–ಹೈಡ್ರೋಜನ್ ಬಂಧ ಮುರಿಯಲು ಒಂದು ಮೋಲ್‌ಗೆ (ಅಣುಗಳನ್ನು ಎಣಿಸುವ ನಿಗದಿತ ರಾಶಿ ಅದು) ಸುಮಾರು 463 ಕಿಲೋಜೌಲ್ ಬೇಕು. ಎರಡು ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧ, ಅಂದರೆ ಒಂದರ ಹೈಡ್ರೋಜನ್ನನ್ನು ಇನ್ನೊಂದರ ಆಕ್ಸಿಜನ್ ಸೆಳೆದುಕೊಂಡ ಹಿಡಿತ, ಬಿಡಿಸಲು ಸುಮಾರು 20 ಸಾಕು. ಕುದಿಯುವಾಗ ಬಿಡಿಸಿಕೊಳ್ಳುವುದು ಎರಡನೆಯದು ಮಾತ್ರ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ಒಂದು ನಿಮಿಷ ಸುಮ್ಮನೆ ನಿಂತರೆ ಸಾಕು, ಹೆಚ್ಚು ವಿವರಣೆ ಬೇಕಾಗುವುದಿಲ್ಲ. ‘ಹೈಡ್ರೋಜನ್ ಬಂಧ’ ಎಂಬ ಹೆಸರೇ ಗೊಂದಲಕ್ಕೆ ಅರ್ಧ ಕಾರಣ. ಬಂಧ ಅಂದಕೂಡಲೇ ಮಕ್ಕಳು ಅದನ್ನು ಅಣುವಿನ ಒಳಗೆ ಹುಡುಕುತ್ತಾರೆ.

ಇನ್ನು ಏಣಿಯ ವಿಷಯ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಒಂದು ಹಿಡಿತಕ್ಕೆ ಒಂದು ಹಿಡಿತ ಇಟ್ಟು ತೂಗಿದರೆ, ಅಣುಗಳ ಗಾತ್ರವೂ ಸಮಸಮ ಇದ್ದರೆ, ಹೈಡ್ರೋಜನ್ ಬಂಧವೇ ಮೇಲು. ಆದರೆ ದ್ರವದಲ್ಲಿ ಒಂದು ಅಣು ನೆರೆಯವರನ್ನು ಎಷ್ಟು ಕಡೆ ಮುಟ್ಟುತ್ತಿದೆ, ಎಷ್ಟು ಎಲೆಕ್ಟ್ರಾನುಗಳು ಆ ಸೆಳೆತದಲ್ಲಿ ಪಾಲ್ಗೊಂಡಿವೆ ಎಂಬುದನ್ನು ಏಣಿ ಹೇಳುವುದಿಲ್ಲ.

ನನ್ನ ತಂದೆ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ಕೆಲಸ ಮಾಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಕೊನೆಯ ತಲೆಮಾರು ಅವರದು. ಚಿಕ್ಕವನಿದ್ದಾಗ ಅವರ ಅಂಗಿಯ ಮೇಲೆ ಕೂತು ಬಂದ ಹತ್ತಿಯ ಎಳೆಗಳನ್ನು ಊದಿ ಹಾರಿಸುವುದು ನನ್ನ ಆಟ. ಅದೇ ಎಳೆಗಳನ್ನು ಹೊಸೆದರೆ ನೂಲು, ನೂಲನ್ನು ಹುರಿ ಮಾಡಿದರೆ ಎತ್ತು ಕಟ್ಟುವ ಹಗ್ಗ. ಲಂಡನ್ ಬಲ ಆ ಎಳೆಯ ಹಾಗೆ. ಮೀಥೇನಿನಲ್ಲಿ ಅದು ಊದಿದರೆ ಹಾರುವಷ್ಟು. ಮೇಣದಲ್ಲಿ ಇಪ್ಪತ್ತು ಮೂವತ್ತು ಕಾರ್ಬನ್ನುಗಳ ಉದ್ದಕ್ಕೂ ಒಂದರ ಪಕ್ಕ ಒಂದು ಮಲಗಿ ಹಗ್ಗವಾಗಿಬಿಡುತ್ತದೆ.

ಮರುದಿನ ಆ ಹುಡುಗಿಗೆ ಕೊಟ್ಟ ಉತ್ತರವೂ ಇದೇ. ನೀರಿನ ಒಂದು ಅಣುವಿನಲ್ಲಿರುವ ಎಲೆಕ್ಟ್ರಾನುಗಳು ಒಟ್ಟು 10. ಅಯೋಡಿನ್ ಅಣುವಿನಲ್ಲಿ 106. ಅಷ್ಟು ದೊಡ್ಡ, ಸಡಿಲವಾದ ಎಲೆಕ್ಟ್ರಾನ್ ಮೋಡ ಕ್ಷಣಕ್ಷಣಕ್ಕೂ ಒಂದು ಕಡೆಗೆ ವಾಲುತ್ತದೆ, ಅದು ವಾಲಿದಾಗ ಪಕ್ಕದ ಅಣುವಿನ ಮೋಡವೂ ವಾಲುತ್ತದೆ, ಎರಡೂ ಸೆಳೆದುಕೊಳ್ಳುತ್ತವೆ. ಫ್ರಿಟ್ಜ್ ಲಂಡನ್ 1930ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಗಟ್ಟಿ ಅಯೋಡಿನ್‌ನಿಂದ ಅಣುಗಳನ್ನು ಬಿಡಿಸಿ ಆವಿ ಮಾಡಲು ಮೋಲ್‌ಗೆ ಸುಮಾರು 62 ಕಿಲೋಜೌಲ್ ಬೇಕು. ಮಂಜುಗಡ್ಡೆಯನ್ನು ನೇರವಾಗಿ ಆವಿ ಮಾಡಲು ಸುಮಾರು 51. ‘ದುರ್ಬಲ’ ಎಂದು ನಾನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದ್ದ ಬಲ ಇಲ್ಲಿ ಹೈಡ್ರೋಜನ್ ಬಂಧವನ್ನೇ ಮೀರಿದೆ. ಅವಳು ಅಂಕಿಗಳನ್ನು ಬರೆದುಕೊಂಡು “ಹಂಗಾದ್ರೆ ಏಣಿ ಅಳಿಸಲಾ ಸರ್?” ಎಂದಳು. “ಅಳಿಸಬೇಡ, ಅದರ ಪಕ್ಕ ‘ಗಾತ್ರ ಸಮ ಇದ್ದಾಗ’ ಅಂತ ಬರೆದುಕೋ” ಎಂದೆ.

‘ಗಾತ್ರ ಸಮ ಇದ್ದಾಗ’ ಎಂಬ ಆ ಮಾತಿನಿಂದಲೇ ನನ್ನ ಪಾಠ ಹೊಸದಾಗಿ ಶುರುವಾಯಿತು. ಸೆಳೆತಗಳನ್ನು ಹೋಲಿಸುವಾಗ ಮಕ್ಕಳು ಮೊದಲು “ಹೈಡ್ರೋಜನ್ ಬಂಧ ಇದೆಯಾ?” ಎಂದು ಕೇಳುತ್ತಾರೆ. ನಾನು ಆ ಪ್ರಶ್ನೆಯನ್ನು ಕೊನೆಗೆ ತಳ್ಳಿದೆ. ಮೊದಲು ಮೈ ಎಷ್ಟು? ಅಂದರೆ ಎಲೆಕ್ಟ್ರಾನ್ ಎಷ್ಟು, ಅಣುತೂಕ ಎಷ್ಟು. ಆಮೇಲೆ ಮೈಕಟ್ಟು ಹೇಗೆ? ಉದ್ದಕ್ಕೆ ಚಾಚಿದೆಯೋ, ಉಂಡೆಯಾಗಿದೆಯೋ. ಆಮೇಲೆ ಮೋಡ ಶಾಶ್ವತವಾಗಿ ಒಂದು ಕಡೆ ವಾಲಿದೆಯೇ? ಅಂದರೆ ದ್ವಿಧ್ರುವ ಇದೆಯೇ? ಕೊನೆಗೆ ಹೈಡ್ರೋಜನ್ ಬಂಧಕ್ಕೆ ಕೈ ಎಷ್ಟು? ಇದಕ್ಕೂ ಮುಂಚೆ, ಇಲ್ಲಿ ಅಣುಗಳಾದರೂ ಇವೆಯೇ ಎಂದು ನೋಡಿಕೊಳ್ಳಲೇಬೇಕು. ಅಡುಗೆ ಉಪ್ಪು, ವಜ್ರ, ತಾಮ್ರ ಈ ಸಾಲಿಗೇ ಬರುವುದಿಲ್ಲ. ಉಪ್ಪು 801 ಡಿಗ್ರಿಗೆ ಕರಗುವುದಕ್ಕೆ ಲಂಡನ್ ಬಲದ ಕಾರಣ ಬರೆದ ಉತ್ತರಗಳನ್ನು ನಾನು ತಿದ್ದಿದ್ದೇನೆ.

ಜೋಡಿಗಳನ್ನು ಹುಡುಕುವುದರಲ್ಲಿ ಒಂದು ಇಡೀ ಬೇಸಿಗೆ ರಜೆ ಕಳೆದೆ. ನೆಚ್ಚಿನ ಸಾಲು ಹತ್ತು ಎಲೆಕ್ಟ್ರಾನಿನದು. ನಿಯಾನ್, ಮೀಥೇನ್, ಅಮೋನಿಯಾ, ಹೈಡ್ರೋಜನ್ ಫ್ಲೋರೈಡ್, ನೀರು, ಐದಕ್ಕೂ ಒಟ್ಟು ಎಲೆಕ್ಟ್ರಾನ್ ಹತ್ತೇ. ಕುದಿಬಿಂದು ನೋಡಿ: ನಿಯಾನ್ ಮೈನಸ್ 246, ಮೀಥೇನ್ ಮೈನಸ್ 161, ಅಮೋನಿಯಾ ಮೈನಸ್ 33, ಹೈಡ್ರೋಜನ್ ಫ್ಲೋರೈಡ್ 19.5, ನೀರು 100. ಮೈ ಒಂದೇ ಆದ್ದರಿಂದ ಉಳಿದ ವ್ಯತ್ಯಾಸ ಎದ್ದು ಕಾಣುತ್ತದೆ. ನಿಯಾನಿಗೂ ಮೀಥೇನಿಗೂ ನಡುವೆ ಇಷ್ಟು ಅಂತರ ಯಾಕೆ ಎಂದು ಚುರುಕಿನ ಮಕ್ಕಳು ಕೇಳುತ್ತಾರೆ. ನಿಯಾನಿನಲ್ಲಿ ಹತ್ತೂ ಎಲೆಕ್ಟ್ರಾನುಗಳನ್ನು ಒಂದೇ ನ್ಯೂಕ್ಲಿಯಸ್ ಬಿಗಿಯಾಗಿ ಹಿಡಿದಿದೆ; ಮೀಥೇನಿನಲ್ಲಿ ಅವು ಐದು ನ್ಯೂಕ್ಲಿಯಸ್‌ಗಳ ಸುತ್ತ ಹರಡಿವೆ, ಸುಲಭವಾಗಿ ವಾಲುತ್ತವೆ. ಎಣಿಕೆಯಷ್ಟೇ ಸಾಲದು, ಸಡಿಲವೂ ಲೆಕ್ಕಕ್ಕೆ ಬರುತ್ತದೆ.

ಅದೇ ಸಾಲಿನಲ್ಲಿ ಪ್ರತಿ ವರ್ಷವೂ ಬರುವ ಪ್ರಶ್ನೆ ಇನ್ನೊಂದಿದೆ. ಅತಿ ಹೆಚ್ಚು ವಿದ್ಯುದೃಣತೆ (ಬಂಧದ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುವ ಗುಣ) ಫ್ಲೋರಿನ್ನಿನದು, ಹಾಗಾದರೆ ಹೈಡ್ರೋಜನ್ ಫ್ಲೋರೈಡೇ ಮೊದಲು ಬರಬೇಕಲ್ಲ, ನೀರು ಹೇಗೆ ಮುಂದೆ ಹೋಯಿತು? ಇಲ್ಲಿ ಕೈಗಳನ್ನು ಎಣಿಸಬೇಕು. ಹೈಡ್ರೋಜನ್ ಕೊಡುವ ಕೈ. ಬಂಧದಲ್ಲಿ ತೊಡಗದ ಒಂಟಿ ಎಲೆಕ್ಟ್ರಾನ್ ಜೋಡಿ ಇಸಕೊಳ್ಳುವ ಕೈ. ಹೈಡ್ರೋಜನ್ ಫ್ಲೋರೈಡಿಗೆ ಕೊಡುವ ಕೈ ಒಂದೇ, ಇಸಕೊಳ್ಳುವ ಕೈ ಮೂರು. ಎಲ್ಲರೂ ಒಂದೊಂದೇ ಕೊಡುವವರಾದರೆ ಮೂರು ಕೈ ಚಾಚಿ ಏನು ಬಂತು? ಎರಡು ಕೈಗಳು ಖಾಲಿಯೇ. ಅಮೋನಿಯಾದ್ದು ಉಲ್ಟಾ: ಕೊಡುವ ಕೈ ಮೂರು, ಇಸಕೊಳ್ಳುವ ಕೈ ಒಂದು. ನೀರಿಗೆ ಮಾತ್ರ ಎರಡು ಕೊಡುವ ಕೈ, ಎರಡು ಇಸಕೊಳ್ಳುವ ಕೈ. ಲೆಕ್ಕ ಸರಿಹೋಗುತ್ತದೆ, ಒಂದೊಂದು ಅಣು ನಾಲ್ಕು ನೆರೆಯವರನ್ನು ಹಿಡಿಯಬಲ್ಲದು. ಜೊತೆಗೆ ಹೈಡ್ರೋಜನ್ ಫ್ಲೋರೈಡ್ ಕುದಿದು ಆವಿಯಾದ ಮೇಲೂ ಅದರ ಅಣುಗಳು ಗುಂಪುಗುಂಪಾಗಿ ಕೈ ಹಿಡಿದೇ ಇರುತ್ತವೆ. ಎಲ್ಲ ಹಿಡಿತಗಳನ್ನೂ ಬಿಡಿಸುವ ಖರ್ಚೇ ಅಲ್ಲಿಲ್ಲ. ಈ ‘ಕೈ’ ಲೆಕ್ಕ ತರಗತಿಯಲ್ಲಿ ತಾನಾಗಿ ಹುಟ್ಟಿಕೊಂಡದ್ದು. ಮಕ್ಕಳನ್ನೇ ನಿಲ್ಲಿಸಿ, ಒಂದು ಕೈ ಮುಷ್ಟಿ, ಒಂದು ಕೈ ಬಿಚ್ಚು ಅಂಗೈ ಮಾಡಿಸಿ ಆಡಿಸಿದ್ದೇನೆ.

ಎರಡನೆಯ ಸಾಲು ಅಣುತೂಕ 58ರಿಂದ 62ರ ಆಸುಪಾಸಿನದು. ಅಡುಗೆ ಗ್ಯಾಸಿನಲ್ಲಿರುವ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಕುದಿಯುತ್ತದೆ. ಆಸಿಟೋನ್ 56. 1-ಪ್ರೊಪನಾಲ್ 97. ಎಥಿಲೀನ್ ಗ್ಲೈಕಾಲ್ 197. ತೂಕ ಬಹುಪಾಲು ಒಂದೇ. ಬ್ಯುಟೇನಿನಿಂದ ಆಸಿಟೋನಿಗೆ ಬಂದಾಗ ವಾಲುವಿಕೆ ಸೇರಿತು, ಪ್ರೊಪನಾಲಿಗೆ ಬಂದಾಗ ಕೈ ಬಂತು, ಗ್ಲೈಕಾಲಿಗೆ ಬಂದಾಗ ಕೈಗಳು ದುಪ್ಪಟ್ಟಾದವು. ಏಣಿ ನಿಜವಾಗುವುದು ಇಂಥ ಕಡೆ.

ಏಣಿ ಉರುಳುವ ಜೋಡಿಗಳನ್ನೂ ಅಷ್ಟೇ ಪ್ರೀತಿಯಿಂದ ಇಟ್ಟುಕೊಂಡಿದ್ದೇನೆ. ಕ್ಲೋರೋಫಾರ್ಮ್‌ಗೆ ಶಾಶ್ವತ ದ್ವಿಧ್ರುವವಿದೆ, ಕಾರ್ಬನ್ ಟೆಟ್ರಾಕ್ಲೋರೈಡಿಗೆ ಇಲ್ಲ. ಆದರೂ ಮೊದಲನೆಯದು 61ಕ್ಕೆ ಕುದಿದರೆ ಎರಡನೆಯದು 77ರ ಹತ್ತಿರ. ಒಂದು ಹೈಡ್ರೋಜನ್ ಹೋಗಿ ಒಂದು ಕ್ಲೋರಿನ್ ಬಂದು ಹದಿನಾರು ಎಲೆಕ್ಟ್ರಾನ್ ಹೆಚ್ಚಾದವು, ಅಷ್ಟೇ. ಹೈಡ್ರೋಜನ್ ಕ್ಲೋರೈಡ್, ಬ್ರೋಮೈಡ್, ಅಯೋಡೈಡ್ ನೋಡಿ: ದ್ವಿಧ್ರುವ ಕಡಿಮೆಯಾಗುತ್ತಾ ಹೋಗುತ್ತದೆ, ಕುದಿಬಿಂದು ಮಾತ್ರ ಮೈನಸ್ 85, ಮೈನಸ್ 67, ಮೈನಸ್ 35 ಎಂದು ಏರುತ್ತದೆ. ಹೈಡ್ರೋಜನ್ ಕ್ಲೋರೈಡಿನಂಥ ವಾಲಿದ ಅಣುವಿನಲ್ಲೂ ಸೆಳೆತದ ಬಹುಪಾಲು ಲಂಡನ್ ಬಲದ್ದೇ ಎಂದು ಓದಿದಾಗ ನನಗೇ ಆಶ್ಚರ್ಯವಾಗಿತ್ತು. ಲಂಡನ್ ಬಲ ‘ಇತರೆ ಯಾವುದೂ ಇಲ್ಲದಾಗ ಇರುವಂಥದ್ದು’ ಎಂಬ ಭಾವನೆ ಮಕ್ಕಳಲ್ಲಿ ಬೇರೂರಿರುತ್ತದೆ. ಅದು ಎಲ್ಲ ಅಣುಗಳಲ್ಲೂ ಇದೆ, ನೀರಿನಲ್ಲೂ ಇದೆ.

ಅಂಕಿಗಳನ್ನು ಎಷ್ಟೇ ಬರೆದರೂ ಕೈಗೆ ತಾಗದ ಪಾಠ ಉಳಿಯುವುದಿಲ್ಲ. ಒಂದು ಫೆಬ್ರವರಿಯ ಕೊನೆಯಲ್ಲಿ ಲ್ಯಾಬಿನಲ್ಲಿ ಒಂದು ಪ್ರಯೋಗ ಹೂಡಿದೆ. ನಾಲ್ಕು ಥರ್ಮಾಮೀಟರುಗಳ ತುದಿಗೆ ಫಿಲ್ಟರ್ ಪೇಪರಿನ ಸಮ ಅಳತೆಯ ತುಂಡುಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆವು. ಒಂದನ್ನು ಆಸಿಟೋನಿನಲ್ಲಿ, ಒಂದನ್ನು ಸ್ಪಿರಿಟ್ಟಿನಲ್ಲಿ, ಒಂದನ್ನು ಐಸೋಪ್ರೊಪನಾಲಿನಲ್ಲಿ, ಒಂದನ್ನು ನೀರಿನಲ್ಲಿ ಅದ್ದಿ ತೆಗೆದು ಫ್ಯಾನಿನ ಕೆಳಗೆ ಮೇಜಿನ ಅಂಚಿಗೆ ತೂಗುಬಿಟ್ಟೆವು. ಬರ್ನರುಗಳೆಲ್ಲ ಆರಿರಬೇಕು, ಕಿಟಕಿಗಳೆಲ್ಲ ತೆರೆದಿರಬೇಕು. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ, ಯಾಕೆಂದರೆ ಆಸಿಟೋನಿನ ಆವಿ ಸೊನ್ನೆಗಿಂತ ಕೆಳಗಿನ ತಾಪದಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೊಮ್ಮೆ ಓದಿ ಬರೆಯಲು ನಾಲ್ಕು ಗುಂಪು.

ಸೆಳೆತ ಕಡಿಮೆಯಿದ್ದದ್ದು ಬೇಗ ಆರುತ್ತದೆ, ಬೇಗ ಆರಿದ್ದು ಹೆಚ್ಚು ತಣ್ಣಗಾಗುತ್ತದೆ ಎಂದು ಮೊದಲೇ ಹೇಳಿಟ್ಟಿದ್ದೆ. ಕೋಣೆಯ ತಾಪ 33. ಆಸಿಟೋನ್ ಎರಡು ನಿಮಿಷದೊಳಗೆ 12ಕ್ಕೆ ಜಾರಿತು, ಗಾಜಿನ ಮೇಲೆ ಪಸೆ ಕೂತಿತು. ಸ್ಪಿರಿಟ್ 20ಕ್ಕೆ ಬಂದು ನಿಂತಿತು. ಐಸೋಪ್ರೊಪನಾಲ್ 22. ಇಲ್ಲಿಯವರೆಗೆ ಎಲ್ಲ ಹೇಳಿದ ಹಾಗೆಯೇ. ನೀರು ನಿಧಾನವಾಗಿ ಇಳಿಯುತ್ತಾ ಇಳಿಯುತ್ತಾ ಹತ್ತು ನಿಮಿಷದ ಹೊತ್ತಿಗೆ ಅದೂ 22ಕ್ಕೆ ಬಂದುಬಿಟ್ಟಿತು. “ಸರ್, ಐಸೋಪ್ರೊಪನಾಲ್‌ಗೂ ನೀರಿಗೂ ಸೆಳೆತ ಒಂದೇ ಆಯ್ತಲ್ಲ” ಎಂದು ಗುಂಪಿನವರು ಕರೆದರು.

ಈ ಸಲ ‘ಅಪವಾದ’ ಎನ್ನಲಿಲ್ಲ. “ನಾಳೆ ಹೇಳುತ್ತೇನೆ” ಎಂದು ಮನೆಗೆ ಬಂದು ಯೋಚಿಸಿದೆ. ಉತ್ತರ ನಮ್ಮ ಅಡುಗೆಮನೆಯ ಮೂಲೆಯಲ್ಲೇ ಮರಳಿನ ಮೇಲೆ ಕೂತಿತ್ತು: ನೀರಿನ ಮಡಿಕೆ. ನಮ್ಮ ಕಡೆಯ ಬೇಸಿಗೆ ಒಣ ಬೇಸಿಗೆ. ಚಿತ್ರದುರ್ಗ, ಚಳ್ಳಕೆರೆ ಕಡೆಗಂತೂ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಅಂಥ ಗಾಳಿಯಲ್ಲಿ ನೀರು ಚೆನ್ನಾಗಿ ಆರುತ್ತದೆ, ಮತ್ತು ಆರುವಾಗ ಗ್ರಾಮಿಗೆ ಸುಮಾರು 2,400 ಜೌಲ್ ಶಾಖ ಎಳೆದುಕೊಳ್ಳುತ್ತದೆ. ಸ್ಪಿರಿಟ್ಟಿನ ಎಥನಾಲ್ ಎಳೆಯುವುದು ಅದರ ಮೂರನೇ ಒಂದು ಭಾಗಕ್ಕಿಂತ ಕೊಂಚ ಹೆಚ್ಚು, ಅಷ್ಟೇ. ಅಂದರೆ ನೀರು ಕಡಿಮೆ ಗ್ರಾಂ ಎದ್ದು ಹೋದರೂ ಪ್ರತಿ ಗ್ರಾಮೂ ದುಬಾರಿ ಬೆಲೆ ತೆತ್ತು ಹೋಗುತ್ತದೆ. ಥರ್ಮಾಮೀಟರ್ ತೋರಿಸುತ್ತಿದ್ದದ್ದು ಎಷ್ಟು ಗ್ರಾಂ ಹೋಯಿತು, ಒಂದೊಂದು ಗ್ರಾಮೂ ಎಷ್ಟು ಶಾಖ ಒಯ್ದಿತು ಎಂಬ ಎರಡರ ಗುಣಲಬ್ಧವನ್ನು. ನಾನು ಅದನ್ನು ಸೆಳೆತದ ಅಳತೆ ಎಂದು ಓದಿದ್ದೆ.

ಜುಲೈಯಲ್ಲಿ ಮೋಡ ಮುಸುಕಿ ಜಿಟಿಜಿಟಿ ಹಿಡಿದಿದ್ದಾಗ ಅದೇ ಪ್ರಯೋಗ ಮತ್ತೆ ಮಾಡಿದೆವು. ಕೋಣೆ 27. ನೀರು 24ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಗಾಳಿಯಲ್ಲಿ ಮೊದಲೇ ನೀರಿನ ಆವಿ ತುಂಬಿತ್ತು. ಆಸಿಟೋನಿಗೆ, ಸ್ಪಿರಿಟ್ಟಿಗೆ ಆ ತೊಂದರೆ ಇಲ್ಲ. ದಾವಣಗೆರೆಯ ಗಾಳಿಯಲ್ಲಿ ಆಸಿಟೋನ್ ಎಲ್ಲಿಂದ ಬರಬೇಕು?

ಈಗ ನಾನು ತಕ್ಕಡಿಯಲ್ಲಿ ತೂಗಿಸುತ್ತೇನೆ. ಸಮ ಅಳತೆಯ ಗಾಜಿನ ತಟ್ಟೆಗಳಲ್ಲಿ ಎರಡೆರಡು ಮಿಲಿಲೀಟರ್ ಹಾಕಿ, ಫ್ಯಾನ್ ನಿಲ್ಲಿಸಿ, ಐದು ನಿಮಿಷಕ್ಕೊಮ್ಮೆ ತೂಕ. ಎಷ್ಟು ಗ್ರಾಂ ಹೋಯಿತು ಎಂಬುದನ್ನು ಅಣುತೂಕದಿಂದ ಭಾಗಿಸಿದರೆ ಎಷ್ಟು ಮೋಲ್ ಎದ್ದು ಹೋಯಿತು ಎಂದು ಸಿಗುತ್ತದೆ. ಆಸಿಟೋನ್, ಎಥನಾಲ್, ಐಸೋಪ್ರೊಪನಾಲ್, ನೀರು, ಈ ಕ್ರಮ ಕದಲುವುದಿಲ್ಲ. 25 ಡಿಗ್ರಿಯಲ್ಲಿ ಇವುಗಳ ಆವಿ ಒತ್ತಡವೂ ಅದೇ ಕ್ರಮದಲ್ಲಿದೆ: ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಸುಮಾರು 230, 59, 45, 24. ಮಕ್ಕಳು ತಾವೇ ತೂಗಿ ಪಡೆದ ಕ್ರಮ ಪುಸ್ತಕದ ಕ್ರಮಕ್ಕೆ ಕೂಡಿದಾಗ ಅವರ ಮುಖ ನೋಡಬೇಕು. ಥರ್ಮಾಮೀಟರ್ ಪ್ರಯೋಗವನ್ನು ಕೈಬಿಟ್ಟಿಲ್ಲ. ಅದನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಮಾಡಿಸಿ, ಎರಡರ ವ್ಯತ್ಯಾಸ ಯಾಕೆಂದು ಕೇಳುತ್ತೇನೆ.

ಇನ್ನೊಂದು ಸಣ್ಣ ಎಚ್ಚರಿಕೆ. ನಮ್ಮ ಲ್ಯಾಬಿನಲ್ಲಿ ನೀರು ಕುದಿಯುವುದು 98ಕ್ಕೆ. ಥರ್ಮಾಮೀಟರ್ ಕೆಟ್ಟಿದೆ ಎಂದು ಮಕ್ಕಳು ಬದಲಾಯಿಸಿಕೊಡಿ ಎನ್ನುತ್ತಾರೆ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಪುಸ್ತಕದ ಕುದಿಬಿಂದುಗಳೆಲ್ಲ ಸಮುದ್ರಮಟ್ಟದ ಒತ್ತಡದವು. ಹೋಲಿಸುವಾಗ ಎಲ್ಲವನ್ನೂ ಒಂದೇ ಒತ್ತಡದಲ್ಲಿ ಹೋಲಿಸಬೇಕು.

ಮೈಕಟ್ಟಿನ ಪಾಠಕ್ಕೆ ಪುಸ್ತಕ ಕೊಡುವುದು ಪೆಂಟೇನಿನ ಮೂರು ರೂಪಗಳನ್ನು. ನೇರ ಸರಪಳಿ 36ಕ್ಕೆ ಕುದಿಯುತ್ತದೆ, ಒಂದು ಕವಲಿನದು 28ಕ್ಕೆ, ಉಂಡೆಯಂತಿರುವ ನಿಯೋಪೆಂಟೇನ್ 9.5ಕ್ಕೆ. ಉದ್ದ ಕೋಲುಗಳು ಮೈಯುದ್ದಕ್ಕೂ ಒತ್ತಿಕೊಳ್ಳುತ್ತವೆ, ಉಂಡೆಗಳು ಒಂದೊಂದು ಕಡೆ ತಾಗುತ್ತವೆ ಅಷ್ಟೇ. ಚೆನ್ನಾಗಿದೆ, ಆದರೆ ಪೆಂಟೇನ್ ಯಾವ ಮಗುವಿನ ಮನೆಯಲ್ಲೂ ಇಲ್ಲ. ಎಣ್ಣೆ ಇದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಎರಡು ಬಾಟಲಿ ತೆಗೆದುಕೊಂಡು ಹೋದೆ. ಒಂದರಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ. ಚಳ್ಳಕೆರೆಯನ್ನು ಎಣ್ಣೆ ನಗರ ಎಂದೇ ಕರೆಯುತ್ತಾರಲ್ಲ, ಆ ಕಡೆಯ ಮಕ್ಕಳು ವಾಸನೆ ಹಿಡಿದೇ ಗುರುತಿಸಿದರು. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಬಿಳಿಯಾಗಿತ್ತು. ಶೇಂಗಾ ಎಣ್ಣೆ ಹರಿಯುತ್ತಿತ್ತು. “ಯಾವುದರ ಅಣು ದೊಡ್ಡದು?” ಎಂದೆ. ಎಲ್ಲರೂ ಕೊಬ್ಬರಿಯದು ಎಂದರು, ಗಟ್ಟಿಯಾಗಿದೆಯಲ್ಲ! ನಿಜ ತಿರುಗುಮುರುಗು. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಾಗಿರುವುದು ಲಾರಿಕ್ ಆಮ್ಲದ 12 ಕಾರ್ಬನ್ನಿನ ಸರಪಳಿ. ಶೇಂಗಾದಲ್ಲಿ ಹೆಚ್ಚಾಗಿರುವುದು ಓಲಿಯಿಕ್ ಆಮ್ಲದ 18 ಕಾರ್ಬನ್ನಿನದು. ಆದರೆ ಅದರ ನಟ್ಟನಡುವೆ ಒಂದು ಜೋಡಿ ಬಂಧವಿದೆ, ಅಲ್ಲಿ ಸರಪಳಿ ಮೊಣಕೈಯಂತೆ ಬಗ್ಗಿದೆ. ನೇರ ಸೌದೆಗಳನ್ನು ಒಟ್ಟಿದರೆ ಒತ್ತಾಗಿ ಕೂರುತ್ತವೆ, ಡೊಂಕು ಸೌದೆ ಒಟ್ಟಿದರೆ ಸಂದುಗಳೇ ಹೆಚ್ಚು. ಅದೇ 18 ಕಾರ್ಬನ್ನಿನ ನೇರ ಸರಪಳಿಯ ಸ್ಟಿಯರಿಕ್ ಆಮ್ಲ 69 ಡಿಗ್ರಿಯವರೆಗೂ ಗಟ್ಟಿ; ಡೊಂಕಾದ ಓಲಿಯಿಕ್ ಆಮ್ಲ 13ರ ಹತ್ತಿರವೇ ಕರಗುತ್ತದೆ. ಲಂಡನ್ ಬಲ ದೂರ ಹೆಚ್ಚಿದ ಹಾಗೆ ಬಹಳ ಬೇಗ ಕುಸಿಯುತ್ತದೆ, ದೂರದ ಆರನೇ ಘಾತಕ್ಕೆ ವಿಲೋಮವಾಗಿ. ದೂರ ಇಮ್ಮಡಿಯಾದರೆ ಸೆಳೆತದ ಶಕ್ತಿ ಅರವತ್ನಾಲ್ಕರಲ್ಲಿ ಒಂದು ಪಾಲು. ಡೊಂಕು ಮಾಡಿದ ಸಂದು ಅಷ್ಟು ದುಬಾರಿ.

ಇಲ್ಲಿ ಕರಗುವ ಬಿಂದುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸೆಳೆತ ಹೋಲಿಸಲು ನಾನು ನಂಬುವುದು ಕುದಿಬಿಂದುವನ್ನು. ಕರಗುವ ಬಿಂದುವಿನಲ್ಲಿ ಅಣುಗಳು ಎಷ್ಟು ಅಚ್ಚುಕಟ್ಟಾಗಿ ಜೋಡಣೆಯಾಗುತ್ತವೆ ಎಂಬುದೂ ಬೆರೆತಿರುತ್ತದೆ. ನಿಯೋಪೆಂಟೇನ್ ಕುದಿಯುವುದು ಮೂವರಲ್ಲೂ ಮೊದಲು, ಆದರೆ ಕರಗುವುದು ಎಲ್ಲರಿಗಿಂತ ಕೊನೆಗೆ, ಮೈನಸ್ 17ರ ಹತ್ತಿರ. ನೇರ ಪೆಂಟೇನ್ ಮೈನಸ್ 130ಕ್ಕೇ ಕರಗಿರುತ್ತದೆ. ಉಂಡೆಗಳು ಕಿತ್ತಳೆ ಹಣ್ಣು ಜೋಡಿಸಿದ ಹಾಗೆ ಸಲೀಸಾಗಿ ಕೂರುತ್ತವೆ. ಎಣ್ಣೆಯ ಕತೆ ಹೇಳುವಾಗ ಇದನ್ನು ಬಿಟ್ಟರೆ ಮಕ್ಕಳು ಎಲ್ಲ ಕಡೆಯೂ ಕರಗುವ ಬಿಂದುವನ್ನೇ ಹಿಡಿದು ತಪ್ಪುತ್ತಾರೆ.

ಕೈಗಳ ಲೆಕ್ಕದಲ್ಲಿ ಕೈ ಎಲ್ಲಿ ಚಾಚಿದೆ ಎಂಬುದೂ ಮುಖ್ಯ. ಆರ್ಥೋ ನೈಟ್ರೋಫಿನಾಲ್, ಪ್ಯಾರಾ ನೈಟ್ರೋಫಿನಾಲ್ ಎರಡರ ಸೂತ್ರವೂ ಒಂದೇ, ಕೈಗಳೂ ಅವೇ. ಆರ್ಥೋದಲ್ಲಿ ಎರಡು ಗುಂಪುಗಳೂ ಅಕ್ಕಪಕ್ಕ ಇರುವುದರಿಂದ ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂತಿದೆ; ನೆರೆಯವರಿಗೆ ಕೊಡಲು ಏನೂ ಉಳಿದಿಲ್ಲ. ಹಾಗಾಗಿ ಅದು 45ಕ್ಕೆ ಕರಗುತ್ತದೆ, ನೀರಿನ ಹಬೆಯ ಜೊತೆ ಹೊರಟೂ ಹೋಗುತ್ತದೆ. ಪ್ಯಾರಾ 114ರವರೆಗೆ ಗಟ್ಟಿ. ಎರಡನೇ ಪಿಯುಸಿಯಲ್ಲಿ ಈ ಪ್ರಶ್ನೆ ಬಂದಾಗ ಮಕ್ಕಳು ‘ಇಂಟ್ರಾ’, ‘ಇಂಟರ್’ ಪದಗಳನ್ನು ಅದಲುಬದಲು ಮಾಡದೆ ಬರೆದರೆ ಮೊದಲ ವರ್ಷದ ‘ಒಳಗಿನದು, ನಡುವಿನದು’ ಫಲಿಸಿತು ಎಂದುಕೊಳ್ಳುತ್ತೇನೆ.

ಹೈಡ್ರೋಜನ್ ಬಂಧಕ್ಕೆ ಫ್ಲೋರಿನ್, ಆಕ್ಸಿಜನ್, ನೈಟ್ರೋಜನ್ ಮೂರೇ ಎಂದು ಗೆರೆ ಎಳೆದಂತೆ ಕಲಿಸುವುದನ್ನೂ ಬಿಟ್ಟಿದ್ದೇನೆ. 2011ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪ್ಯಾಕ್ ಹೈಡ್ರೋಜನ್ ಬಂಧಕ್ಕೆ ಹೊಸ ವ್ಯಾಖ್ಯೆ ಕೊಟ್ಟಿತು. ಅದನ್ನು ರೂಪಿಸಿದ ತಂಡದ ಮುಂದಾಳು ಬೆಂಗಳೂರಿನ ಐಐಎಸ್‌ಸಿಯ ಪ್ರೊಫೆಸರ್ ಇ. ಅರುಣನ್, ಅಲ್ಲಿಯವರೇ ಆದ ಗೌತಮ್ ದೇಸಿರಾಜು ಕೂಡ ತಂಡದಲ್ಲಿದ್ದರು. ನಮ್ಮ ನಾಡಿನಲ್ಲೇ ಕೂತು ಜಗತ್ತಿನ ಪುಸ್ತಕಗಳ ಒಂದು ವಾಕ್ಯವನ್ನು ತಿದ್ದಿದವರು ಎಂದು ಹೇಳುವಾಗ ಪ್ರತಿ ಸಲವೂ ನನ್ನ ದನಿ ಏರುತ್ತದೆ. ಅದೇ ಐಐಎಸ್‌ಸಿಯ ಇನ್ನೊಂದು ಕ್ಯಾಂಪಸ್ ಚಳ್ಳಕೆರೆ ಪಕ್ಕದ ಕುದಾಪುರದಲ್ಲಿದೆ, ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ ಎಂದಾಗ ಆ ಕಡೆಯ ಮಕ್ಕಳು ನೆಟ್ಟಗೆ ಕೂರುತ್ತಾರೆ. ಆ ವ್ಯಾಖ್ಯೆಯ ಪ್ರಕಾರ ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್ ಕೂಡ ತಕ್ಕ ನೆರೆ ಸಿಕ್ಕರೆ ಹೈಡ್ರೋಜನ್ ಬಂಧ ಮಾಡಬಹುದು. ಕ್ಲೋರೋಫಾರ್ಮಿಗೆ ಆಸಿಟೋನ್ ಬೆರೆಸಿದರೆ ಬಿಸಿಯಾಗುವುದು, ರೌಲ್ಟ್ ನಿಯಮದಿಂದ ಋಣ ವಿಚಲನೆ ತೋರುವುದು (ಅಂದರೆ ಮಿಶ್ರಣದ ಆವಿ ಒತ್ತಡ ಆ ನಿಯಮದ ಲೆಕ್ಕಕ್ಕಿಂತ ಕಡಿಮೆ ಬರುವುದು) ಇದೇ ಕಾರಣಕ್ಕೆ. ಇದನ್ನು ಬಾಯಲ್ಲಿ ಹೇಳುತ್ತೇನೆ, ಲ್ಯಾಬಿನಲ್ಲಿ ಬೆರೆಸಲು ಬಿಡುವುದಿಲ್ಲ. ಪಾತ್ರೆಯಲ್ಲಿ ಚೂರು ಕ್ಷಾರ ಉಳಿದಿದ್ದರೂ ಅವೆರಡರ ನಡುವೆ ರಭಸದ ಕ್ರಿಯೆ ನಡೆಯುತ್ತದೆ.

ಈಗಿನ ಮೊದಲ ಪಿಯುಸಿ ಪುಸ್ತಕದಲ್ಲಿ ಅನಿಲ, ದ್ರವಗಳ ಸ್ಥಿತಿಯ ಆ ಹಳೆಯ ಅಧ್ಯಾಯವಿಲ್ಲ. ಹೈಡ್ರೋಜನ್ ಬಂಧ ಮಾತ್ರ ರಾಸಾಯನಿಕ ಬಂಧಗಳ ಅಧ್ಯಾಯದ ಕೊನೆಯಲ್ಲಿ ಉಳಿದಿದೆ. ಮುಂದೆ ಆಲ್ಕೇನ್, ಆಲ್ಕೋಹಾಲ್, ಅಮೀನ್, ಎಲ್ಲ ಕಡೆಯೂ ಕುದಿಬಿಂದುಗಳ ಕಾರಣ ಕೇಳುತ್ತಾರೆ. ಹಾಗಾಗಿ ಬಂಧಗಳ ಅಧ್ಯಾಯ ಮುಗಿದ ಮೇಲೆ ಮೂರು ತರಗತಿಗಳನ್ನು ನಾನೇ ಬಿಡುವು ಮಾಡಿಕೊಂಡು ಇದಕ್ಕೆ ಕೊಡುತ್ತೇನೆ.

ಮೊದಲ ತರಗತಿಗೆ ಹೋಗುವಾಗ ಏಣಿಯ ಚಿತ್ರ ಒಯ್ಯುವುದಿಲ್ಲ. ಮೇಜಿನ ಮೇಲೆ ಒಂದು ಲೋಟ ನೀರು, ಒಂದು ತುಂಡು ಮೇಣದ ಬತ್ತಿ, ಮುಚ್ಚಳ ಬಿಗಿದ ಗಾಜಿನ ಫ್ಲಾಸ್ಕಿನಲ್ಲಿ ಅಯೋಡಿನ್‌ನ ನಾಲ್ಕೇ ಹರಳು ಇಡುತ್ತೇನೆ. ಫ್ಲಾಸ್ಕನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿದರೆ ಹರಳಿನಿಂದ ನೇರಳೆ ಆವಿ ಮೆಲ್ಲಗೆ ಏಳುತ್ತದೆ, ನೇರಳೆ ಹಣ್ಣಿನದೇ ಬಣ್ಣ. ಮೇಲೆ ತಣ್ಣೀರಿನ ಬಟ್ಟೆ ಒತ್ತಿದರೆ ಮತ್ತೆ ಮಿನುಗುವ ಹರಳಾಗಿ ಗಾಜಿಗೆ ಅಂಟುತ್ತದೆ. ಅಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಆ ಜಗಳೂರಿನ ಹುಡುಗಿಯ ಪ್ರಶ್ನೆಯನ್ನು ಅವಳದೇ ಮಾತಿನಲ್ಲಿ ಬೋರ್ಡಿನ ಮೇಲೆ ಬರೆದು, ಚಾಕ್‌ಪೀಸನ್ನು ಮುಂದಿನ ಬೆಂಚಿನವರ ಕೈಗೆ ಕೊಡುತ್ತೇನೆ.